ಹೊಗೆಯ ಬೇಸಿಗೆಯಲ್ಲಿ ತೂಬಮ್ಮ

ನಮ್ಮ ಅತ್ತೆಯನ್ನು ಉಪ್ಪಿನ ಗದ್ದೆಯಲ್ಲಿ ಎಲ್ಲರೂ ತೂಬಮ್ಮ ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಅವರಿಗಾದರೂ ನೆನಪಿದೆಯೋ ಇಲ್ಲವೋ, ನನಗೆ ಅನುಮಾನ. ಸಮುದ್ರದ ನೀರು ಕಾಲುವೆಯಿಂದ ಗದ್ದೆಗೆ ತಿರುಗುವ ಜಾಗದಲ್ಲಿ ಒಂದು ತೂಬು ಇದೆ. ಎರಡು ಕಲ್ಲುಕಂಬ, ನಡುವೆ ಎತ್ತಿ ಇಳಿಸುವ ಒಂದು ಮರದ ಹಲಗೆ, ಅಷ್ಟೇ. ಆ ಹಲಗೆಯನ್ನು ಯಾವಾಗ ಎತ್ತಬೇಕು, ಎಷ್ಟು ನೀರು ಬಿಡಬೇಕು, ಗದ್ದೆಯ ಚೌಕ ಪಾತಿಗಳ ತಳದಲ್ಲಿ ಕಟ್ಟಿದ ಉಪ್ಪನ್ನು ಯಾವ ದಿನ ಗೋರಬೇಕು ಎಂದು ಹೇಳುವ ಅಧಿಕಾರ ಅವರೊಬ್ಬರದು. ಗದ್ದೆ ಹಲವು ಮನೆಗಳ ಪಾಲಿನದು, ಉಪ್ಪು ಎಲ್ಲರದು, ಮಾತು ಮಾತ್ರ ಅತ್ತೆಯದು. ಮನೆಯಲ್ಲೂ ಅದೇ ಕಥೆ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಒಂದು ಹೊಲಿಗೆ ಯಂತ್ರದ ಜೊತೆ. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅದನ್ನಿಟ್ಟುಕೊಂಡು, ಅಂಗಿ, ಫ್ರಾಕು ಹೊಲಿಯುತ್ತಾ ನೆರಳಲ್ಲೇ ಆಯುಷ್ಯ ಕಳೆಯೋಣ ಎಂದುಕೊಂಡಿದ್ದೆ. ಅತ್ತೆ ಸ್ವಲ್ಪ ದಿನ ಸುಮ್ಮನಿದ್ದರು. ಆಮೇಲೆ ಒಂದು ಬೆಳಿಗ್ಗೆ, "ಯಂತ್ರ ಎಲ್ಲಿಗೂ ಓಡಿಹೋಗಲ್ಲ, ಒಂದು ಸಲ ಗದ್ದೆ ನೋಡ್ಕೊಂಡು ಬರೋಣ ಬಾ" ಎಂದರು. ನೋಡಿಕೊಂಡು ಬರಲು ಹೋದವಳ ಕೈಗೆ ಗೋರುಮಣೆ ಬಂತು. ಉದ್ದ ಕೋಲಿನ ತುದಿಗೆ ಹಲಗೆ ಬಡಿದ ಅದರಿಂದ ಕೆಸರು ಕದಡದಂತೆ ಉಪ್ಪನ್ನಷ್ಟೇ ಎಳೆದು ಗುಡ್ಡೆ ಮಾಡಬೇಕು. ಇವತ್ತಿಗೂ ಅದು ನನ್ನ ಕೈ ಬಿಟ್ಟಿಲ್ಲ. ನನ್ನ ಗಂಡ ಉಪ್ಪಿನ ಲಾರಿ ಓಡಿಸುವವರು, ಅರ್ಧ ಸಂಸಾರ ಲಾರಿಯಲ್ಲೇ. ಹಾಗಾಗಿ ಹಗಲೆಲ್ಲ ನಾನು ಮತ್ತು ಅತ್ತೆ ಎದುರುಬದುರು. ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳುವ ಪೈಕಿ ಅಲ್ಲ.

ಅತ್ತೆಯ ವಿದ್ಯೆಯೆಲ್ಲ ಇದ್ದದ್ದು ತೂಬಿನ ಎಡಗಂಬದ ಮೇಲಿರುವ ಒಂದು ಚಪ್ಪಟೆ ಕರಿಕಲ್ಲಿನಲ್ಲಿ. ಬೆಳಗಿನ ಚಹಾ ಮುಗಿದು ಬಿಸಿಲು ಏರುವ ಹೊತ್ತಿಗೆ ಅವರು ಆ ಕಲ್ಲಿನ ಮೇಲೆ ಬಲ ಅಂಗೈ ಊರಿ, ಮನಸ್ಸಿನಲ್ಲೇ ಬಂಧುಗಳನ್ನು ಹೇಳಿಕೊಳ್ಳುತ್ತಾ ಹೋಗುತ್ತಾರೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ತಂಗಿ, ಗಂಡ, ಮಗ, ಸೊಸೆ. ಒಂದೊಂದು ಉಸಿರಿಗೆ ಒಬ್ಬೊಬ್ಬರು. ಯಾರ ಹತ್ತಿರ ಬಂದಾಗ ಬಿಸಿ ತಡೆಯಲಾರದೆ ಕೈ ತಾನೇ ಮೇಲೇಳುತ್ತದೋ ಅದು ಆ ದಿನದ ಬಿಸಿಲಿನ ಅಳತೆ. ತಮ್ಮ ತಂಗಿಯರ ಹತ್ತಿರ ಎದ್ದರೆ ಉಪ್ಪಿಗೆ ಹೇಳಿಮಾಡಿಸಿದ ದಿನ. ಅಪ್ಪನ ಹತ್ತಿರವೇ ಎದ್ದುಬಿಟ್ಟರೆ ನೆಲ ಅತಿಯಾಗಿ ಕಾದಿದೆ, ಸಂಜೆಗೆ ಬೆಟ್ಟದ ಕಡೆಯಿಂದ ಗುಡುಗು ಮಳೆ ಬರುವ ಸಂಭವ, ಅವತ್ತು ಉಪ್ಪು ಗೋರಿಬಿಡಬೇಕು. ಸೊಸೆಯ ತನಕ ಕೈ ನಿಂತರೆ ಆ ದಿನ ದಂಡ. ಒಂದೇ ಒಂದು ನಿಯಮ: ಕಲ್ಲು ಎಷ್ಟೇ ಕಾದಿರಲಿ, ಮೊದಲನೆಯವರ ಹೆಸರು ಮುಗಿಯುವ ಮುಂಚೆ ಕೈ ತೆಗೆಯುವಂತಿಲ್ಲ. ಅಷ್ಟನ್ನೂ ತಡೆಯಲಾರದವರು ತೂಬಿನ ಹತ್ತಿರ ಸುಳಿಯಬಾರದು.

"ಅಂದರೆ ಕಲ್ಲು ತಣ್ಣಗೆ ಕೊರೆಯುವಾಗ ಮಾತ್ರ ನನ್ನ ನೆನಪು ಬರೋದು" ಎಂದು ನಾನೊಮ್ಮೆ ಮುಖ ಊದಿಸಿಕೊಂಡಿದ್ದೆ.

"ನಮ್ಮತ್ತೆ ನನಗೆ ಕಲಿಸಿದ್ದೇ ಹೀಗೆ. ಅವರ ಲೆಕ್ಕದಲ್ಲಿ ಕೊನೆಗೆ ನಾನಿದ್ದೆ. ನಾನೇನು ಅಳ್ತಾ ಕೂತ್ನಾ?" ಎಂದರು ಅತ್ತೆ.

ಆ ಬೇಸಿಗೆ ಕಾಡಿಗೆ ಬೆಂಕಿ ಬಿತ್ತು. ಬೆಟ್ಟ ನಮ್ಮ ಗದ್ದೆಗೆ ಕಾಣುತ್ತದೆ, ಬೆಂಕಿ ಇದ್ದದ್ದು ಅದರ ಆಚೆ ಮಗ್ಗುಲಲ್ಲಿ. ನಮಗೆ ಉರಿ ಕಾಣಲಿಲ್ಲ, ಹೊಗೆ ಮಾತ್ರ ಬಂತು. ಮೊದಲು ಬೆಟ್ಟದ ನೆತ್ತಿಯ ಮೇಲೆ ಕಂದು ಬಣ್ಣದ ಗೆರೆ. ಮರುದಿನ ಬೆಟ್ಟವೇ ಕಾಣಲಿಲ್ಲ. ಅದರ ಮರುದಿನ ಕಾಲುವೆಯ ಆಚೆ ದಡ ಮಸುಕಾಯಿತು. ಒಣಹಾಕಿದ ಬಟ್ಟೆಯ ಮೇಲೆ ಬೂದಿ, ಕುಡಿಯುವ ನೀರಿನ ಕೊಡದ ಮೇಲೆ ಬೂದಿ, ನನ್ನ ಹೊಲಿಗೆ ಯಂತ್ರದ ಎಣ್ಣೆಯಲ್ಲೂ ಬೂದಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳದೆ ಗದ್ದೆಗೆ ಇಳಿಯುವಂತಿರಲಿಲ್ಲ. ಸೂರ್ಯನನ್ನು ನಡುಹಗಲಲ್ಲಿ ಬರಿಗಣ್ಣಿಂದ ನೋಡಬಹುದಾಗಿತ್ತು. ನೋಡಿದರೆ ಪಾಪ ಎನಿಸುವಷ್ಟು ಮಂಕಾಗಿದ್ದ.

ರೇಡಿಯೋ ಮಾತ್ರ ತನ್ನ ಪಾಡಿಗೆ ತಾನು ಹೆದರಿಸುತ್ತಿತ್ತು. ಉರಿಬಿಸಿಲು, ಎಚ್ಚರಿಕೆ, ಮಕ್ಕಳು ಮುದುಕರು ಹೊರಗೆ ಹೋಗಬೇಡಿ, ಸಂಜೆ ಗುಡುಗು ಸಹಿತ ಮಳೆ. ಇಲ್ಲಿ ನೋಡಿದರೆ ಆ ಬಿಸಿಲೂ ಇಲ್ಲ, ಆ ಮಳೆಯೂ ಇಲ್ಲ. ಮಧ್ಯಾಹ್ನ ತಪ್ಪದೆ ಬೀಸುವ ಸಮುದ್ರದ ಗಾಳಿ ಸಹ ಎಲ್ಲೋ ಮಲಗಿಬಿಟ್ಟಿತ್ತು. ಸೆಕೆ ಮಾತ್ರ ಹೇಳತೀರದು. ಕೂತರೂ ಬೆವರು, ನಿಂತರೂ ಬೆವರು. ಬೆಳಗಿನ ಜಾವದಲ್ಲಾದರೂ ತಂಪಾಗುತ್ತದೆ ಎಂದುಕೊಂಡರೆ ಅದೂ ಇಲ್ಲ.

ಅತ್ತೆ ಎಡವಿದ್ದು ಅಲ್ಲೇ. ಅಂಥ ಒಂದು ದಿನ ಅವರು ಕಲ್ಲಿನ ಮೇಲೆ ಕೈಯಿಟ್ಟರು, ತೆಗೆದರು, ಸೆರಗಿನಿಂದ ಕತ್ತು ಒರೆಸಿಕೊಂಡು, "ಮೈ ಬೇಯ್ತಾ ಇದೆ, ಬಿಸಿಲು ಹೊಗೆ ಮೇಲಿಂದಾನೇ ಸುಡ್ತಿದೆ. ಹಲಗೆ ಪೂರ್ತಿ ಎತ್ತಿ" ಎಂದರು. ಪಾತಿಗಳು ತುಂಬಿದವು. ಮಾಮೂಲಿ ಬೇಸಿಗೆಯಲ್ಲಾದರೆ ಆ ನೀರು ಬೇಗ ಬೇಗ ಆರಿ, ತಳದಲ್ಲಿ ಬೆಳ್ಳಗೆ ಹರಳು ಕಟ್ಟಬೇಕು. ಈ ನೀರು ಕದಲಲಿಲ್ಲ. ದಿನ ಕಳೆದರೂ ಪಾತಿಯ ಅಂಚಿನ ಗುರುತು ಇದ್ದಲ್ಲೇ ಇತ್ತು. ಬಿಸಿಲೂ ಗಾಳಿಯೂ ಇಲ್ಲದೆ ನೀರು ಎಲ್ಲಿಗೆ ಹೋಗಬೇಕು? ನಮ್ಮ ಬೆವರೇ ಆರುತ್ತಿರಲಿಲ್ಲ. ಅದಕ್ಕೇ ತಾನೆ ಸೆಕೆ ಅನಿಸುತ್ತಿದ್ದದ್ದು.

ನಮ್ಮಲ್ಲಿ ಗೊಣಗಪ್ಪ ಎಂಬ ಮನುಷ್ಯನಿದ್ದಾನೆ. ಕೊನೆಯ ಸಾಲಿನ ಪಾತಿಗಳು ಅವನ ಪಾಲಿನವು. ಊಟ ಚೆನ್ನಾಗಿದ್ದರೂ ಗೊಣಗುತ್ತಾನೆ, ಅದಕ್ಕೆ ಆ ಹೆಸರು. ಆದರೆ ಕೆಲಸದಲ್ಲಿ ಎತ್ತಿದ ಕೈ, ಅದನ್ನು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಚಪ್ಪರದ ಕೆಳಗೆ ಎಲ್ಲರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಅವನೇ ಶುರುಮಾಡಿದ.

"ತೂಬಮ್ಮ, ನೀವು ದೊಡ್ಡವರು, ಬೇಜಾರು ಮಾಡ್ಕೋಬೇಡಿ. ಇಷ್ಟು ನೀರು ಬಿಡಬಾರದಿತ್ತು. ಉಪ್ಪು ಬಲಿಯೋ ಹೊತ್ತಿಗೆ ಮಳೆಗಾಲ ಬಾಗಿಲಿಗೆ ಬಂದಿರತ್ತೆ. ಒಂದು ಮಳೆ ಬಿದ್ರೆ ಎಲ್ಲಾ ಕರಗಿ ಕಾಲುವೆ ಸೇರ್ತದೆ. ಹಾಗೇನಾದ್ರೂ ಆದ್ರೆ, ಮುಂದಿನ ವರ್ಷದಿಂದ ಹಲಗೆ ಬೇರೆ ಯಾರಾದ್ರೂ ನೋಡ್ಕೊಳ್ಳಲಿ."

ಯಾರೂ ಅವನ ಪರವಾಗಿ ಮಾತಾಡಲಿಲ್ಲ. ವಿರುದ್ಧವಾಗಿಯೂ ಮಾತಾಡಲಿಲ್ಲ. ಅತ್ತೆ ತುತ್ತು ನುಂಗಿ, ನೀರು ಕುಡಿದು, "ಆಗಲಿ" ಎಂದರು. ದಿನಾ ಅವರ ಜೊತೆ ಜಗಳ ಆಡುವವಳು ನಾನೇ ಆದರೂ, ಬೇರೆ ಯಾರೋ ಅವರ ಮುಖ ಬಾಡಿಸಿದ್ದನ್ನು ಸಹಿಸಲಾಗಲಿಲ್ಲ. ಆ ಹಲಗೆ ಕೈತಪ್ಪಿದರೆ ಅತ್ತೆ ಮನೆಯ ಮೂಲೆಯಲ್ಲಿ ಕೂತು ಏನು ಮಾಡುತ್ತಾರೆ ಎಂದು ಯೋಚಿಸಲು ಹೋಗಿ, ಯೋಚನೆ ಅಲ್ಲಿಗೇ ಬಿಟ್ಟೆ.

ಮಾರನೆಯ ದಿನ ನಾನು ಎಂದಿಗಿಂತ ಬೇಗ ಗದ್ದೆಗೆ ಹೋದೆ. ಬದುವಿನ ಮೇಲೆ ನಡೆದು ಹೋಗುವಾಗ ತೂಬಿನ ಹತ್ತಿರ ಅತ್ತೆ ಮೊಣಕಾಲೂರಿ ಕಂಬದ ಮೇಲೆ ಒರಗಿ ಬಿದ್ದಿದ್ದು ಕಂಡಿತು. ಹೊಗೆ ಕುಡಿದು ತಲೆ ಸುತ್ತಿರಬೇಕು ಎಂದು ಓಡಿದೆ. ಹತ್ತಿರ ಹೋಗಿ ನೋಡಿದರೆ ಅವರು ಬಿದ್ದಿರಲಿಲ್ಲ. ಕೆನ್ನೆಯನ್ನು ಕರಿಕಲ್ಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದರು. ಅಜ್ಜ, ಅಜ್ಜಿ, ಅಪ್ಪ.

"ಇದೇನತ್ತೆ ಇದು, ಕಲ್ಲಿಗೆ ಮುದ್ದು ಮಾಡ್ತಿದೀರಾ?"

ಗಡಬಡಿಸಿ ಎದ್ದರು. ಮೊಣಕಾಲಿನ ಮಣ್ಣು ಕೊಡವಿಕೊಂಡರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಬಲ ಅಂಗೈಯನ್ನು ನನ್ನ ಮುಂದೆ ಚಾಚಿದರು. ಉಪ್ಪುನೀರಿನಲ್ಲಿ ನೆನೆದು ನೆನೆದು ಹಳೆಯ ಚಪ್ಪಲಿಯ ಅಟ್ಟೆಯ ಹಾಗಾಗಿದ್ದ ಕೈ.

"ಇದಕ್ಕೆ ಏನೂ ಗೊತ್ತಾಗ್ತಿಲ್ಲ ಕಣೇ. ಹೋದ ವರ್ಷದಿಂದ್ಲೇ. ಯಾವ ದಿನ ಇಟ್ರೂ ಸೊಸೆ ತನಕ ಹೋಗಿಬಿಡ್ತದೆ."

ಆಗ ನನಗೆ ಒಂದೊಂದೇ ನೆನಪಾಯಿತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸಿದ್ದು. ಕುದಿಯುವ ಚಹಾದ ಲೋಟವನ್ನು ಹಾಗೇ ಎತ್ತಿದ್ದು. ಗಟ್ಟಿಗಿತ್ತಿ ಎಂದುಕೊಂಡಿದ್ದೆ. ಹೋದ ವರ್ಷ ಆಕಾಶ ತಿಳಿಯಾಗಿತ್ತು, ಅಂದಾಜಿನ ಮೇಲೆ, ಅಭ್ಯಾಸದ ಬಲದ ಮೇಲೆ ಸಾಗಿಸಿದ್ದರು. ಈ ವರ್ಷ ಹೊಗೆ ಬಂದು ಅಂದಾಜನ್ನೆಲ್ಲ ಬುಡಮೇಲು ಮಾಡಿತ್ತು. ಕೈ ಹೇಳಬೇಕಾದದ್ದನ್ನು ಬೆವರನ್ನು ಕೇಳಿ ತಿಳಿದುಕೊಂಡಿದ್ದರು, ಬೆವರು ಸುಳ್ಳು ಹೇಳಿತ್ತು.

"ಕೆನ್ನೆಗೆ ಗೊತ್ತಾಗತ್ತಲ್ಲ, ದಿನಾ ಕೆನ್ನೆ ಇಡಿ" ಎಂದೆ.

"ಕೆನ್ನೆಗೆ ಎಲ್ಲವೂ ಬಿಸಿಯೇ. ಅದಕ್ಕೇನು ಗೊತ್ತು, ನೆರಳಲ್ಲಿ ಬೆಳೆದದ್ದು" ಎಂದು ಅತ್ತೆ ನನ್ನನ್ನೇ ದಿಟ್ಟಿಸಿದರು. ಆ ಮಾತು ಕೆನ್ನೆಗೋ ಹೊಲಿಗೆ ಯಂತ್ರದವಳಿಗೋ ಎಂದು ಕೇಳುವಷ್ಟರಲ್ಲಿ, "ನೀನು ಕೈಯಿಡು" ಎಂದರು.

ನನಗೆ ಬೇಡವಾಗಿತ್ತು. ಉಪ್ಪು ಗೋರುವುದು ಬೇರೆ, ಇಷ್ಟು ಮನೆಗಳ ಉಪ್ಪಿನ ಹಣೆಬರಹ ಅಂಗೈಯಲ್ಲಿ ಹೊರುವುದು ಬೇರೆ. ಆದರೆ ಅವರು ಹಾಗೆ ಕೈಚಾಚಿ ನಿಂತದ್ದನ್ನು ನೋಡಿ ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಬಿಸಿಲೇರಿದ ಮೇಲೆ ಕೈಯಿಟ್ಟೆ. ಅಜ್ಜನಿಂದ ಹಿಡಿದು ಸೊಸೆಯ ತನಕ ಆರಾಮವಾಗಿ ನಿಂತಿತು. ಇನ್ನೂ ನಾಲ್ಕು ತಲೆಮಾರು ಹೇಳಬಹುದಾಗಿತ್ತು.

"ಕಲ್ಲು ತಣ್ಣಗಿದೆ ಅತ್ತೆ."

"ಮೈಗೆ?"

"ಮೈಗೆ ಸೆಕೆ."

"ಹಾಗಾದ್ರೆ ಮೈಯನ್ನ ನಂಬಬೇಡ" ಎಂದರು. ಯಾರಿಗೂ ಹೇಳಬಾರದು ಎಂದು ಹೇಳಲಿಲ್ಲ, ಹೇಳುವುದು ಬೇಕಾಗಿಯೂ ಇರಲಿಲ್ಲ. ಅವತ್ತಿನಿಂದ ದಿನವೂ ಅತ್ತೆ ಎಲ್ಲರ ಕಣ್ಣೆದುರು ಕೈಯಿಟ್ಟು ತೆಗೆಯುವುದು, ನಾನು ಚೊಂಬು ಇಡುವ ನೆಪದಲ್ಲೋ ಗೋರುಮಣೆ ಒರಗಿಸುವ ನೆಪದಲ್ಲೋ ಕಲ್ಲು ಮುಟ್ಟುವುದು. ಆಮೇಲೆ ಚಪ್ಪರದ ಹಿಂದೆ ಪಿಸುಮಾತು. ಕಳ್ಳರ ಸಂತೆಯೇ ಸೈ.

ಬದುವಿನ ತುದಿಯಲ್ಲಿ ಹವಾಮಾನದವರ ಒಂದೇ ಕೋಣೆಯ ಕಚೇರಿ ಇದೆ. ಅಲ್ಲಿ ಕೆಲಸ ಮಾಡುವ ಹುಡುಗಿ ದಿನವೂ ಒಂದು ದೊಡ್ಡ ಬಿಳಿ ಬಲೂನಿಗೆ ಪುಟ್ಟ ಪೆಟ್ಟಿಗೆ ಕಟ್ಟಿ ಆಕಾಶಕ್ಕೆ ಬಿಡುತ್ತಾಳೆ. ಮೇಲೆ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿ, ಎಷ್ಟು ತೇವ ಎಂದು ಆ ಪೆಟ್ಟಿಗೆ ಅವಳಿಗೆ ತಿಳಿಸುತ್ತದೆ. ನಾವು ಅವಳನ್ನು ಬಲೂನಕ್ಕ ಎನ್ನುತ್ತೇವೆ. ಅತ್ತೆ ಅವಳನ್ನು ದಾರಿಯಲ್ಲಿ ಅಡ್ಡಹಾಕಿ ದಬಾಯಿಸಿದರು.

"ಏನಮ್ಮ, ನಿಮ್ಮ ರೇಡಿಯೋ ದಿನಾ ಉರಿಬಿಸಿಲು ಅಂತದೆ, ದಿನಾ ಮಳೆ ಅಂತದೆ. ಎಲ್ಲಿ, ಯಾವುದಾದ್ರೂ ಒಂದು ತೋರಿಸು."

ಅವಳೇನೂ ನಾಚಿಕೊಳ್ಳಲಿಲ್ಲ. ಚಪ್ಪರಕ್ಕೆ ಬಂದು ಕೂತು, ನಾನು ಕೊಟ್ಟ ಚಹಾ ಕುಡಿಯುತ್ತಾ, "ನಮ್ಮ ದೊಡ್ಡ ಕಚೇರಿಯ ಲೆಕ್ಕದಲ್ಲಿ ಹೊಗೆ ಸೇರಿರಲ್ಲ ತೂಬಮ್ಮ. ಆಕಾಶ ತಿಳಿಯಾಗಿದೆ ಅಂತಲೇ ಅದು ಲೆಕ್ಕ ಹಾಕೋದು. ನಾನು ಇಲ್ಲಿಂದ ದಿನಾ ಬರೆದು ಕಳಿಸ್ತಿದೀನಿ, ನಾಲ್ಕೈದು ಡಿಗ್ರಿ ಕಮ್ಮಿ ಮಾಡಿ ಅಂತ" ಎಂದಳು. ಆಮೇಲೆ ಚಹಾದ ಪಾತ್ರೆ ತೋರಿಸಿ ವಿವರಿಸಿದಳು. ಹೊಗೆಯ ಪದರ ಮೇಲೆಯೇ ಬಿಸಿಲನ್ನು ಕುಡಿದುಬಿಡುತ್ತದೆ. ಹಾಗಾಗಿ ಮೇಲೆ ಬಿಸಿ, ಕೆಳಗೆ ನೆಲ ತಂಪು. ನೆಲ ಕಾದರೆ ತಾನೆ ಗಾಳಿ ಮೇಲೇಳುವುದು, ಮೇಲೆದ್ದರೆ ತಾನೆ ಮೋಡ ಕಟ್ಟುವುದು? ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ನೆಲ ಕಾಯದೆ ಸಮುದ್ರದ ಗಾಳಿಯೂ ಒಳಗೆ ಬರುವುದಿಲ್ಲ. ಬಂದ ತೇವವೆಲ್ಲ ಮುಚ್ಚಳದ ಕೆಳಗೇ ಕೂತು ಸೆಕೆಯಾಗುತ್ತದೆ.

"ಅಂದ್ರೆ ಹೊಗೆ ಇರೋ ತನಕ ಮಳೆ ಇಲ್ಲ" ಎಂದರು ಅತ್ತೆ.

"ಈ ಹೊಗೆ ಹೀಗೇ ದಟ್ಟವಾಗಿ ಇರೋ ತನಕ ಸಂಜೆ ಗುಡುಗು ಮಳೆ ಕಷ್ಟ. ಆದ್ರೆ ಗಾಳಿ ತಿರುಗಿ ಹೊಗೆ ಹೋದ ದಿನ ಹುಷಾರು. ಇಷ್ಟು ದಿನ ತಪ್ಪಿಸಿಕೊಂಡ ಬಿಸಿಲು ಒಟ್ಟಿಗೇ ಬೀಳತ್ತೆ, ಕೆಳಗೆ ತೇವ ತುಂಬಿಕೊಂಡಿದೆ. ಅವತ್ತೇ ಬಂದರೂ ಬಂತು."

"ಬಂದರೂ ಬಂತು ಅಂದ್ರೆ? ಬರತ್ತೋ ಬರಲ್ವೋ?"

"ಅದನ್ನ ಅವತ್ತು ಕೇಳಿ" ಎಂದು ನಕ್ಕು ಹೋದಳು. ಅತ್ತೆಗೆ ಅವಳು ಬಹಳ ಹಿಡಿಸಿದಳು. ಅದನ್ನು ಒಪ್ಪಿಕೊಳ್ಳದೆ, "ಬಾಯಿ ಜೋರು" ಎಂದರು.

ಆಮೇಲೆ ಅತ್ತೆ ತೂಬಿನ ಹಲಗೆ ಬಿಗಿಯಾಗಿ ಇಳಿಸಿದರು. ಹೆಚ್ಚಾದ ನೀರನ್ನು ಒಂದಿಷ್ಟು ಹಿಂದಿನ ಹೊಂಡಕ್ಕೆ ಬಸಿಸಿದರು. ಉಳಿದದ್ದಕ್ಕೆ ಕಾದರು. ಕಾಲುವೆಯ ಆಚೆ ದಡದವರು ರೇಡಿಯೋ ಮಾತಿಗೆ ಹೆದರಿ ಎಳೆ ಉಪ್ಪನ್ನೇ ಗೋರಿಬಿಟ್ಟರು. ಅವರಿಗೆ ಸಿಕ್ಕಿದ್ದು ಉಪ್ಪಿಗಿಂತ ಕೆಸರೇ ಹೆಚ್ಚು. ನಮ್ಮದು ನಿಧಾನವಾಗಿ ಕಟ್ಟತೊಡಗಿತು. ಅವಸರವಿಲ್ಲದೆ ಬೆಳೆದ ಹರಳು ದೊಡ್ಡದಾಗಿ, ಗಾಜಿನ ಚೂರಿನಂತೆ ತಿಳಿಯಾಗಿತ್ತು. ಇಂಥ ಉಪ್ಪು ತಾನು ಸೊಸೆಯಾಗಿ ಬಂದಾಗಿನಿಂದ ಕಂಡಿಲ್ಲ ಎಂದು ಅತ್ತೆ ಎಲ್ಲರೆದುರು ಕೊಚ್ಚಿಕೊಂಡರು. ಗೊಣಗಪ್ಪ ಒಂದು ಹರಳು ಬಾಯಿಗೆ ಹಾಕಿಕೊಂಡು, "ಉಪ್ಪಾಗಿದೆ" ಎಂದು ಗೊಣಗಿದ. ಅವನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ಆದರೂ ಪದರ ತೆಳುವಾಗಿತ್ತು. ಎರಡು ದಿನ ನಿಜವಾದ ಬಿಸಿಲು ಬಿದ್ದರೆ ಸಾಕು, ಕಣ್ಣು ತುಂಬ ಉಪ್ಪು. ಎಲ್ಲರೂ ಆ ಎರಡು ದಿನಕ್ಕಾಗಿ ಆಕಾಶ ನೋಡುತ್ತಿದ್ದೆವು.

ಆ ಬಿಸಿಲು ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂತು. ಬಾಗಿಲು ತೆಗೆದರೆ ಬೆಟ್ಟ ನಿಂತಿದೆ. ತೊಳೆದಿಟ್ಟ ಹಾಗೆ ನೀಲಿ ಆಕಾಶ. ಉತ್ತರದಿಂದ ತಣ್ಣನೆಯ ಗಾಳಿ ಬೀಸಿ ಹೊಗೆಯನ್ನೆಲ್ಲ ಸಮುದ್ರಕ್ಕೆ ಗುಡಿಸಿಕೊಂಡು ಹೋಗಿತ್ತು. ಮೂಗಿನ ಬಟ್ಟೆ ಕಿತ್ತೆಸೆದು ಉಸಿರೆಳೆದುಕೊಂಡೆವು. ಎಷ್ಟೋ ದಿನಗಳ ಮೇಲೆ ಬೆವರು ಆರಿ ಮೈ ಹಗುರಾಯಿತು. ಗದ್ದೆಯಲ್ಲಿ ನಗು, ತಮಾಷೆ. ನಾನಂತೂ ಗಂಟಲು ಎತ್ತಿ, "ಇವತ್ತು ನಾಳೆ ಯಾರೂ ಪಾತಿಗೆ ಕಾಲಿಡಬೇಡಿ. ಈಗ ಹೋಗಿ ಉಪ್ಪು ಗೋರೋಣ ಅನ್ನೋರಿಗೆ ತಲೆ ನೆಟ್ಟಗಿಲ್ಲ ಅಂತ ಅರ್ಥ" ಎಂದೆ. ಗೊಣಗಪ್ಪ ಕೂಡ ಹೌದೆಂದು ತಲೆಯಾಡಿಸಿದ. ನನ್ನ ಮಾತಿಗೆ ಅವನು ತಲೆಯಾಡಿಸಿದ್ದು ಅದೇ ಮೊದಲು.

ಬಿಸಿಲೇರಿತು. ಬಲೂನಕ್ಕ ಬದುವಿನ ಮೇಲೆ ಓಡುತ್ತಾ ಬಂದಳು. ಬಲೂನು ಎಲ್ಲೂ ತಡೆಯಿಲ್ಲದೆ ಮೇಲೇರಿದೆ, ಮುಚ್ಚಳ ಹೋಗಿದೆ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ತೇವವನ್ನು ವಾಪಸು ತರುತ್ತದೆ ಎಂದಳು. ಮಳೆ ಬರತ್ತಾ ಎಂದು ಗೊಣಗಪ್ಪ ಕೇಳಿದ. ಅವಳು ಪ್ರಾಮಾಣಿಕಳು. "ಅರ್ಧಕ್ಕರ್ಧ. ಖಂಡಿತ ಅಂತ ಹೇಳೋಕೆ ನನ್ನಿಂದ ಆಗಲ್ಲ" ಎಂದಳು.

"ಅರ್ಧ ಅಂದ್ರೆ ಬರದೇ ಇರೋದೂ ಅರ್ಧ. ಕಾಯೋಣ" ಎಂದ ಗೊಣಗಪ್ಪ. ಎಲ್ಲರಿಗೂ ಅದೇ ಬೇಕಾಗಿತ್ತು. ಉಪ್ಪನ್ನು ಮುಂಜಾನೆಯ ತಂಪಿನಲ್ಲಿ ಗೋರುತ್ತಾರೆಯೇ ಹೊರತು, ಹೀಗೆ ನೆತ್ತಿಯ ಮೇಲಿನ ಬಿಸಿಲಲ್ಲಿ ಯಾರೂ ಗೋರುವುದಿಲ್ಲ. ಅದೂ ತೆಳು ಪದರವನ್ನು, ಬಿಸಿಲು ಈಗ ತಾನೆ ಕೈಗೆ ಸಿಕ್ಕಿರುವಾಗ. ಎಲ್ಲರೂ ಅತ್ತೆಯ ಕಡೆ ತಿರುಗಿದರು.

ಅತ್ತೆ ಎದ್ದು ತೂಬಿನ ಹತ್ತಿರ ನಡೆದರು. ಎಂದಿನಂತೆ ಕೈಯಿಡುತ್ತಾರೆ, ಆಮೇಲೆ ನಾನು ಯಾವುದಾದರೂ ನೆಪ ಹುಡುಕಬೇಕು ಎಂದುಕೊಂಡು ಹಿಂದೆಯೇ ಹೋದೆ. ಅವರು ಕೈಯಿಡಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದರು.

"ನನ್ನ ಕೈಗೆ ಬಿಸಿ ಗೊತ್ತಾಗ್ತಿಲ್ಲ. ಹೋದ ವರ್ಷದಿಂದ ಗೊತ್ತಾಗ್ತಿಲ್ಲ. ಅಷ್ಟು ನೀರು ಬಿಟ್ಟಿದ್ದು ಅದಕ್ಕೇ, ಹೊಗೆಯಿಂದಲ್ಲ. ಇಷ್ಟು ದಿನ ಕಲ್ಲು ನೋಡಿದ್ದು ನನ್ನ ಸೊಸೆ. ಇವತ್ತೂ ಅವಳೇ ನೋಡ್ತಾಳೆ. ಅವಳ ಮಾತೇ ನನ್ನ ಮಾತು."

ನನಗೆ ಅವರ ಮೇಲೆ ಸಿಟ್ಟು ಬಂತು, ನಿಜವಾಗಿ ಸಿಟ್ಟು ಬಂತು. ಒಂದು ಮಾತು ಮೊದಲೇ ಹೇಳಬಾರದಿತ್ತೇ? ಸಿಟ್ಟಿನ ಹಿಂದೆಯೇ ಅಳು ಬಂತು. ಅಷ್ಟು ಜನರ ಮುಂದೆ, ಯಾರೂ ಕೇಳದೆ, ತಮ್ಮ ಕೈಯ ಕಥೆಯನ್ನು ಹಾಗೆ ಬಿಚ್ಚಿಡಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೊಬ್ಬಳಿಗೆ ಗೊತ್ತಿತ್ತು.

ಸೆರಗಿನಿಂದ ಕೈ ಒರೆಸಿಕೊಂಡು ಕಲ್ಲಿನ ಮೇಲೆ ಇಟ್ಟೆ. ಗಾಳಿ ಮುಖಕ್ಕೆ ತಣ್ಣಗೆ ಬೀಸುತ್ತಿತ್ತು, ಮೈ ಹಾಯಾಗಿತ್ತು. ಅಜ್ಜ. ಕಲ್ಲು ಕಚ್ಚಿತು. ಅಜ್ಜಿ. ಹಲ್ಲು ಕಚ್ಚಿಕೊಂಡೆ. ಅಪ್ಪ ಎನ್ನುವ ಮುಂಚೆಯೇ ಕೈ ತಾನಾಗಿ ಮೇಲೆದ್ದಿತು. ಇಷ್ಟು ದಿನ ಸೊಸೆಯ ತನಕ ಆರಾಮವಾಗಿ ಕೂತಿದ್ದ ಕೈ.

ಈಗಷ್ಟೇ ನಾನೇ ಎಲ್ಲರಿಗೂ ಕೇಳುವಂತೆ ಆಡಿದ ಮಾತು ನನ್ನ ಕಿವಿಯಲ್ಲೇ ಇತ್ತು. ಅದನ್ನು ನುಂಗುವುದೆಂದರೆ ಒಂದು ಹಿಡಿ ಉಪ್ಪು ನುಂಗಿದ ಹಾಗೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ, ಕಾಲುವೆ ನೋಡುತ್ತಾ ನಿಂತಿದ್ದರು. ತಣ್ಣಗಿದೆ ಎಂದಿದ್ದರೆ ನಂಬುತ್ತಿದ್ದರು.

"ಗೋರಬೇಕು. ಈಗಲೇ" ಎಂದೆ.

"ಯಾರಿಗೋ ತಲೆ ನೆಟ್ಟಗಿಲ್ಲ ಅಂತ ಯಾರೋ ಅಂದಿದ್ರು" ಎಂದ ಗೊಣಗಪ್ಪ.

"ನಾನೇ ಅಂದಿದ್ದು, ನನಗೇ ನೆಟ್ಟಗಿಲ್ಲ ಅಂದ್ಕೋ. ಮೈಗೆ ತಂಪು, ಕಲ್ಲಿಗೆ ಬೆಂಕಿ. ನಂಬಿಕೆ ಇಲ್ಲದಿದ್ರೆ ಬಂದು ನೀನೇ ಕೈಯಿಡು."

ಅವನು ಬಂದ. ಇಟ್ಟ. ಅಜ್ಜ ಎನ್ನುವಷ್ಟರಲ್ಲಿ ಬಾಯಿಂದ ಒಂದು ಬೈಗುಳ ಬಂತು, ಅದನ್ನು ಇಲ್ಲಿ ಬರೆಯುವಂತಿಲ್ಲ. ಅಂಗೈ ಕೊಡವುತ್ತಾ ಹೋಗಿ ಮೊದಲ ಗೋರುಮಣೆ ಎತ್ತಿಕೊಂಡವನು ಅವನೇ.

ಆ ಹಗಲಿನ ಕೆಲಸವನ್ನು ಯಾರೂ ಮರೆಯುವುದಿಲ್ಲ. ನೆತ್ತಿಯ ಮೇಲೆ ಸುಡುವ ಸೂರ್ಯ, ಕಾಲ ಕೆಳಗೆ ಕಣ್ಣು ಕುಕ್ಕುವ ಬಿಳುಪು. ಹರಳು ದಪ್ಪಗಿದ್ದುದರಿಂದ ಕೆಸರು ಕದಡದೆ ಸಲೀಸಾಗಿ ಎದ್ದು ಬಂತು. ಎಳೆಯುವವರು ಎಳೆದರು, ಬುಟ್ಟಿ ಹೊರುವವರು ಹೊತ್ತರು. ಅತ್ತೆ ಬದುವಿನ ಮೇಲೆ ನಿಂತು ಒಬ್ಬೊಬ್ಬರಿಗೂ ನೀರು ಕುಡಿಸುತ್ತಾ, ಒಬ್ಬೊಬ್ಬರನ್ನೂ ಬೈಯುತ್ತಾ ಇದ್ದರು. ಬಲೂನಕ್ಕ ಪ್ಯಾಂಟು ಮಡಚಿಕೊಂಡು ಬುಟ್ಟಿಗೆ ಕೈಹಾಕಿದಳು. ನನ್ನ ಗಂಡ ಲಾರಿ ತಂದವರು, ಖಾಲಿ ಲಾರಿಯ ಟಾರ್ಪಾಲು ಬಿಚ್ಚಿ ಕೊಟ್ಟು, ಏನು ಎತ್ತ ಎಂದು ಕೇಳದೆ ಗುದ್ದಲಿ ಹಿಡಿದರು. ಕೇಳಿದ್ದರೆ ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಗಾಳಿ ಬಂತು. ಎಷ್ಟೋ ದಿನಗಳ ಮೇಲೆ ಬಂದ ನೆಂಟನ ಹಾಗೆ ಅಬ್ಬರಿಸಿಕೊಂಡು ಬಂತು. ಬೆಟ್ಟದ ಮೇಲೆ ಒಂದು ಬಿಳಿ ಮೋಡ ತಲೆಯೆತ್ತಿತು, ನೋಡನೋಡುತ್ತಲೇ ಬೆಳೆಯಿತು, ಬುಡ ಕಪ್ಪಾಯಿತು. ಕೈಗಳು ಇನ್ನೂ ಜೋರಾದವು. ಕೊನೆಯ ಸಾಲಿನ ಒಂದೆರಡು ಪಾತಿ ಉಳಿದಿದ್ದವು. ಗೊಣಗಪ್ಪ ಅದಕ್ಕೆ ನುಗ್ಗಲು ಹೊರಟಾಗ ಅತ್ತೆ ಅವನ ತೋಳು ಹಿಡಿದು, "ಬಿಡು ಮಾರಾಯ, ಸಿಡಿಲಿಗೆ ಉಪ್ಪು ಬೇಕಾಗಿಲ್ಲ, ನೀನು ಬೇಕಾಗ್ತೀಯ" ಎಂದು ಚಪ್ಪರಕ್ಕೆ ಎಳೆತಂದರು. ಟಾರ್ಪಾಲಿಗೆ ಕಲ್ಲು ಹೇರಿ ಮುಗಿಸುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಮಳೆ ಸುರಿಯಿತು. ಉಳಿದ ಪಾತಿಗಳ ಉಪ್ಪು ನಮ್ಮ ಕಣ್ಣೆದುರೇ ಕರಗಿ ನೀರಾಯಿತು. ಅವು ಗೊಣಗಪ್ಪನ ಪಾಲಿನವು. ಎಲ್ಲರ ಗುಡ್ಡೆಯಿಂದಲೂ ಒಂದೊಂದು ಪಾಲು ಅವನಿಗೆ ಎಂದು ಅತ್ತೆ ಅಲ್ಲೇ ಹೇಳಿದರು. ಬಿಸಿ ಬೂದಿಯ ಮೇಲೆ ನೀರು ಬಿದ್ದ ವಾಸನೆ ಬೆಟ್ಟದ ಕಡೆಯಿಂದ ಬಂತು. ಇನ್ನು ಆ ಬೆಂಕಿಯೂ ಆರುತ್ತದೆ ಎಂದು ಬಲೂನಕ್ಕ ಖುಷಿಪಟ್ಟಳು.

"ಈಗ ಹಲಗೆ ಯಾರ ಕೈಗೆ ಕೊಡೋಣ ಅಂತೀಯಪ್ಪಾ?" ಎಂದು ಅತ್ತೆ ಗೊಣಗಪ್ಪನನ್ನು ಕೇಳಿದರು.

ಅವನು ಕೆಂಪಗಾದ ತನ್ನ ಅಂಗೈ ನೋಡಿಕೊಂಡ. "ಕೈ ನಿಮ್ಮ ಸೊಸೆಯದು. ಬಾಯಿ ನಿಮ್ಮದೇ ಇರಲಿ. ಅವಳ ಬಾಯಿ ನಮಗೆ ಬೇಡ" ಎಂದ. ಮಳೆಯ ಸದ್ದಿಗಿಂತ ನಗುವಿನ ಸದ್ದು ಜೋರಾಯಿತು. ಅತ್ತೆ ನಗುತ್ತಲೇ ನನ್ನ ಬಲಗೈ ಎಳೆದುಕೊಂಡು, ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. "ಇನ್ನೂ ಬಿಸಿ ಇದೆ" ಎಂದರು. ನನಗೆ ಮಾತು ಬಾರದಿದ್ದದ್ದಕ್ಕೆ ಸಾಕ್ಷಿಯಾಗಿ ಇಡೀ ಗದ್ದೆಯೇ ಅಲ್ಲಿತ್ತು.

ಈಗ ದಿನವೂ ಕಲ್ಲಿನ ಮೇಲೆ ಕೈಯಿಡುವವಳು ನಾನು. ಅತ್ತೆ ಬದುವಿನ ಮೇಲೆ ಹಾಕಿಸಿಕೊಂಡ ಕುರ್ಚಿಯಲ್ಲಿ ಕೂತು, "ಎಲ್ಲಿ ತನಕ?" ಎಂದು ಕೂಗುತ್ತಾರೆ. ತಂಗಿ ತನಕ ಎಂದೋ, ಅಮ್ಮನ ತನಕ ಎಂದೋ ಕೂಗುತ್ತೇನೆ. ಹಲಗೆ ಎತ್ತುವುದೋ ಇಳಿಸುವುದೋ ಅವರು ಹೇಳುತ್ತಾರೆ. ಹೊಗೆಯ ಬೇಸಿಗೆ ಆಮೇಲೂ ಒಮ್ಮೆ ಬಂತು, ನಾವು ಹಲಗೆಯನ್ನು ಎತ್ತಿಯೂ ಎತ್ತದ ಹಾಗೆ ಎತ್ತಿ ಸಾಗಿಸಿದೆವು. ಹೊಲಿಗೆ ಯಂತ್ರ ಮಳೆಗಾಲದಲ್ಲಿ ಓಡುತ್ತದೆ.

ಒಂದು ವಿಷಯ ಮಾತ್ರ ಅತ್ತೆಗೆ ಹೇಳಿಲ್ಲ. ಲೆಕ್ಕ ಅವರು ಕಲಿಸಿದ್ದೇ, ಉಸಿರಿಗೆ ಒಬ್ಬರು, ಸಂಖ್ಯೆ ಹೆಚ್ಚುಕಮ್ಮಿ ಆಗಿಲ್ಲ. ಆದರೆ ಅಜ್ಜ ಎನ್ನುವ ಜಾಗದಲ್ಲಿ ನಾನು ಅತ್ತೆ ಎನ್ನುತ್ತೇನೆ. ಕಲ್ಲು ಎಷ್ಟೇ ಕಾದಿರಲಿ, ಅಲ್ಲಿಯ ತನಕ ನನ್ನ ಕೈ ಏಳುವುದಿಲ್ಲ.